ಹೆಡ್‌ಲೈಟಿಗೆ ಹೊಸ ತಂತಿ

ಹೋದ ತಿಂಗಳು ಒಂದು ಸಂಜೆ ನಾನು ಒಂದು ಇಡೀ ಸಿನಿಮಾ ಕಂಪನಿಯನ್ನೇ ಗುದ್ದಿ ಪುಡಿ ಮಾಡುವುದರಲ್ಲಿದ್ದೆ.

ನಗಬೇಡಿ. ನಡೆದದ್ದನ್ನೇ ಹೇಳುತ್ತಿದ್ದೇನೆ. ಅರಕಲಗೂಡಿನಲ್ಲಿ ಒಬ್ಬ ಬಾಣಂತಿಯನ್ನು ನೋಡಿಕೊಂಡು ಹಾಸನಕ್ಕೆ ವಾಪಸು ಬರುತ್ತಿದ್ದೆ. ಗೊರೂರು ಹಿಂದಕ್ಕೆ ಹೋಗಿ, ಹಾಸನ ಇನ್ನೇನು ಬಂತು ಅನ್ನುವಷ್ಟು ಹತ್ತಿರವಿತ್ತು. ಚಳಿಗಾಲದ ಸೂರ್ಯ ಹೇಳದೆ ಕೇಳದೆ ಮುಳುಗಿಬಿಟ್ಟ. ಕಾರಿನ ದೀಪದ ಸ್ವಿಚ್ ಒತ್ತಿದೆ. ಹೊತ್ತಿತೋ ಇಲ್ಲವೋ ಎಂದು ಕೆಳಗಿಳಿದು ಮುಂದೆ ಹೋಗಿ ನೋಡಬೇಕು, ಅಂಥ ದೀಪ!

ನನ್ನ ಕಾರಿನ ಗೋಳು ಈ ಅಂಕಣದ ಓದುಗರಿಗೆ ಹೊಸದಲ್ಲ. ಸಕಲೇಶಪುರದ ಕಡೆಯ ಒಬ್ಬ ಕಾಫಿ ತೋಟದ ಬಿಳಿ ದೊರೆ ತನ್ನ ಇಂಗ್ಲೆಂಡ್ ಸೀಮೆಗೆ ವಾಪಸು ಹೋಗುವಾಗ, ತನ್ನ ಹೆಂಡತಿಯ ಎರಡು ಹೆರಿಗೆ ಮಾಡಿಸಿದ ನೆನಪಿಗೆಂದು ನನಗೆ ಬಿಟ್ಟುಹೋದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅದು. ತಲೆಯ ಮೇಲೆ ಸೂರಿಲ್ಲ, ಬಾಗಿಲು ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ. (ಲೇಡಿ ಡಾಕ್ಟರು ಇಂಥ ಗಾಡಿಯಲ್ಲಿ ಸೆರಗು ಹಾರಿಸಿಕೊಂಡು ಹೋಗುವುದು ಸರಿಯೇ ಎಂದು ಕಾಗದ ಬರೆದ ಮಹನೀಯರಿಗೆ ಹಿಂದೆಯೇ ಉತ್ತರ ಕೊಟ್ಟಿದ್ದೇನೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತೇನೆ.) ಎಂಜಿನ್ ಹುಲಿ. ಓಟ ಜಿಂಕೆ. ಕಣ್ಣು ಮಾತ್ರ ಪೊರೆ ಬಂದ ಮುದುಕಿಯದು.

ಒಂದು ತಿರುವು. ತಿರುಗಿದ ಕೂಡಲೇ ಎದುರಿಗೆ ಒಂದು ಕರೀ ಗೋಡೆ. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಕಾರು ಜಲ್ಲಿಯ ಮೇಲೆ ಜಾರಿ, ಅಡ್ಡಡ್ಡಲಾಗಿ ಹೋಗಿ, ಕೊನೆಗೂ ನಿಂತಿತು. ಕಣ್ಣು ಬಿಟ್ಟು ನೋಡುತ್ತೇನೆ, ಒಂದು ಬಿದಿರಿನ ಗಳುವಿನ ತುದಿ ನನ್ನ ಮೂಗಿನ ಮುಂದೆ ತೂಗಾಡುತ್ತಿದೆ!

ಅದು ಗೋಡೆಯಲ್ಲ, ಸಾಲಾಗಿ ಹೊರಟಿದ್ದ ಎತ್ತಿನ ಗಾಡಿಗಳಲ್ಲಿ ಕೊನೆಯದು. ಹಿಂದುಗಡೆ ಡೇರೆಯ ಗಳುಗಳು, ಸುತ್ತಿದ ಕ್ಯಾನ್ವಾಸು, ಒಂದು ದೊಡ್ಡ ತಗಡಿನ ಪೆಟ್ಟಿಗೆ. ಅಡಿಯಲ್ಲಿ ಕಟ್ಟಿದ್ದ ಲಾಟೀನು ಎಣ್ಣೆಯಿಲ್ಲದೆ ಆರಿಹೋಗಿತ್ತು. (ಯುದ್ಧ ಮುಗಿಯಿತು ಎನ್ನುತ್ತಾರೆ. ಸೀಮೆಎಣ್ಣೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.)

ಗಾಡಿಯ ಮೇಲಿಂದ ಒಂದು ಆಕೃತಿ ಧುಮುಕಿ ಬೊಬ್ಬೆ ಹೊಡೆಯಿತು.

"ಅಯ್ಯಯ್ಯಪ್ಪೋ, ನನ್ನ ಪ್ರೊಜೆಕ್ಟರ್ರು!"

ಗಮನಿಸಿ. ನಾನು ಬದುಕಿದ್ದೇನೋ ಸತ್ತಿದ್ದೇನೋ ಎಂಬುದು ಆಮೇಲಿನ ಮಾತು.

ಪೆಟ್ಟಿಗೆಯನ್ನು ತಡವಿ, ತಟ್ಟಿ, ಕಿವಿಯಿಟ್ಟು ಕೇಳಿ ಸಮಾಧಾನವಾದ ಮೇಲೆ ಆ ಮನುಷ್ಯ ನನ್ನ ಕಡೆ ತಿರುಗಿದರು. "ಯಾರು, ಡಾಕ್ಟ್ರಮ್ಮಾವ್ರಾ? ಪೆಟ್ಟಾಯ್ತಾ?"

"ಇಲ್ಲ. ನಿಮ್ಮ ಗಾಡಿ ನನಗೆ ಕಾಣಿಸಲೇ ಇಲ್ಲ."

ಅವರು ನನ್ನ ಹೆಡ್‌ಲೈಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈ ಹಿಡಿದರು. ಅಂಗೈ ಕೆಂಪಗೆ ಕೂಡ ಆಗಲಿಲ್ಲ.

"ಇದನ್ನ ದೀಪ ಅಂತೀರಾ ಅಮ್ಮಾವ್ರೇ? ನಮ್ಮ ಡೇರೆಯಲ್ಲಿ ಜನ ಸೇದೋ ಬೀಡಿ ಇದಕ್ಕಿಂತ ಜೋರಾಗಿ ಉರೀತದೆ!"

ಶಿವನಂಜಪ್ಪನವರ ಪರಿಚಯವಾದದ್ದು ಹೀಗೆ. ಅರಕಲಗೂಡಿನವರು. ತಂದೆಯದು ಹೊಗೆಸೊಪ್ಪಿನ ವ್ಯಾಪಾರ. ಮಗ ಅಂಗಡಿಯ ಗಾದಿಯ ಮೇಲೆ ಕೂರಲೊಲ್ಲದೆ ಟೂರಿಂಗ್ ಟಾಕೀಸು ಕಟ್ಟಿಕೊಂಡು ಊರೂರು ಸುತ್ತುತ್ತಾರೆ. ಹಣೆ ತುಂಬ ವಿಭೂತಿ, ತಲೆಯಲ್ಲಿ ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಬಾಯಲ್ಲಿ ಎಲೆಯಡಿಕೆ ಮತ್ತು ಆತ್ಮಪ್ರಶಂಸೆ. ಅರಕಲಗೂಡಿನ ಕ್ಯಾಂಪು ಮುಗಿಸಿ ಚನ್ನರಾಯಪಟ್ಟಣಕ್ಕೆ ಹೊರಟಿದ್ದರು. ಆ ರಾತ್ರಿ ಹಾಸನದಲ್ಲಿ ತಂಗುವ ಯೋಚನೆ.

"ನಿಮ್ಮನ್ನ ಹಿಂಗೇ ಬಿಟ್ಟು ಮುಂದೆ ಹೋದ್ರೆ ಶಿವ ಮೆಚ್ಚಾಕಿಲ್ಲ. ನನ್ನ ಹಿಂದೇನೇ ಬನ್ನಿ" ಎಂದರು. ನನ್ನ ಬ್ಯಾಗಿನಲ್ಲಿದ್ದ ಸ್ಪಿರಿಟ್ ದೀಪದ ಬತ್ತಿ ಹೊತ್ತಿಸಿ, ಆರಿದ ಲಾಟೀನಿನ ಗಾಜಿನೊಳಗಿಟ್ಟು ಗಾಡಿಯ ಹಿಂದೆ ಕಟ್ಟಿದ್ದಾಯಿತು. ಆ ಸಂಜೆ ಹಾಸನದ ಜನ ಒಂದು ಅಪರೂಪದ ದೃಶ್ಯ ಕಂಡರು. ಎತ್ತಿನ ಗಾಡಿಯ ಹಿಂದೆ, ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಂದ ಸ್ಪೋರ್ಟ್ಸ್ ಕಾರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮಾರನೆಯ ಬೆಳಗ್ಗೆ ನಾನಿನ್ನೂ ಕಾಫಿ ಲೋಟ ಕೈಗೆ ತೆಗೆದುಕೊಂಡಿಲ್ಲ, ಗೇಟಿನ ಬಳಿ ಶಿವನಂಜಪ್ಪನವರು. ಹೆಗಲ ಮೇಲೆ ಒಂದು ಸುರುಳಿ ತಂತಿ, ಕೈಯಲ್ಲಿ ತಗಡಿನ ಡಬ್ಬ.

"ಗಾಡಿಗಳನ್ನ ಮುಂದೆ ಕಳಿಸಿದೀನಿ. ಡೇರೆ ನಿಲ್ಲಿಸೋಕೆ ನನ್ನ ಬಾಮೈದ ಅವ್ನೆ. ನಾನು ಸಾಯಂಕಾಲದ ಬಸ್ಸಿಗೆ ಹೋದ್ರೆ ಸಾಕು. ಎಲ್ಲಿ, ನಿಮ್ಮ ಪೇಷೆಂಟನ್ನ ತೋರ್ಸಿ."

ದೀಪ ಸರಿಮಾಡಿಸಲು ನಾನು ಪ್ರಯತ್ನ ಮಾಡಿರಲಿಲ್ಲ ಎಂದುಕೊಳ್ಳಬೇಡಿ. ಬಲ್ಬು ಬದಲಾಯಿಸಿದ್ದೆ. ಬ್ಯಾಟರಿ ಬದಲಾಯಿಸಿದ್ದೆ. ಹಿತ್ತಾಳೆಯ ತಟ್ಟೆಯಂತೆ ಹುಣಸೆಹಣ್ಣು ಹಾಕಿ ರಿಫ್ಲೆಕ್ಟರನ್ನು ತಿಕ್ಕುತ್ತೇನೆಂದು ಅಮ್ಮ ಹೊರಟಾಗ ಮಾತ್ರ ತಡೆದಿದ್ದೆ. ನೋಡಿದ ಮೆಕ್ಯಾನಿಕ್‌ಗಳೆಲ್ಲ ಹಳೇ ಕಾರು, ಇಷ್ಟೇ ಎಂದು ಕೈ ತೊಳೆದಿದ್ದರು.

ಶಿವನಂಜಪ್ಪನವರು ಮೊದಲು ಮಾಡಿದ್ದು ಒಂದು ಪರೀಕ್ಷೆ. ಹೆಡ್‌ಲೈಟಿನ ಬಲ್ಬನ್ನು ಬಿಚ್ಚಿ, ಎರಡು ತುಂಡು ತಂತಿ ಹಿಡಿದು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದರು. ಹಗಲಲ್ಲೂ ಕಣ್ಣು ಕುಕ್ಕಿತು!

"ನೋಡಿದ್ರಾ? ಬ್ಯಾಟ್ರಿ ಗಟ್ಟಿ. ಬಲ್ಬೂ ಗಟ್ಟಿ. ನಡುವಿನ ದಾರಿ ಕೆಟ್ಟದೆ. ಕರೆಂಟು ಹೊರಡೋವಾಗ ಗಂಡಸಿನಂಗೆ ಹೊರಡ್ತದೆ, ದೀಪಕ್ಕೆ ಬರೋ ಹೊತ್ಗೆ ಕೋಲು ಹಿಡ್ಕೊಂಡು ಬರ್ತದೆ."

ಡ್ಯಾಷ್‌ಬೋರ್ಡಿನ ಹಿಂದೆ ತಲೆ ತೂರಿಸಿ ಹಳೆಯ ತಂತಿಯನ್ನು ಎಳೆದೆವು. ನೂಲಿನ ಹೊದಿಕೆ ಹಿಡಿದರೆ ಪುಡಿಯಾಗುತ್ತಿತ್ತು. ಸಂದುಸಂದಿನಲ್ಲಿ ತಾಮ್ರ ಹಸಿರು ಕಟ್ಟಿತ್ತು. ಆ ಸಣ್ಣ ತಂತಿ ಸೀಟಿನ ಹಿಂದಿನ ಬ್ಯಾಟರಿಯಿಂದ ಡ್ಯಾಷ್‌ಬೋರ್ಡಿಗೆ, ಅಲ್ಲಿಂದ ಸ್ವಿಚ್ಚಿಗೆ, ಅಲ್ಲಿಂದ ದೀಪಕ್ಕೆ ಊರೆಲ್ಲ ಸುತ್ತಿಕೊಂಡು ಹೋಗುತ್ತಿತ್ತು. ಕರೆಂಟು ಬ್ಯಾಟರಿಗೆ ವಾಪಸು ಬರುವ ದಾರಿಯಂತೂ ತುಕ್ಕು ಹಿಡಿದ ಮಡ್‌ಗಾರ್ಡಿನ ಬೋಲ್ಟು.

"ಹೊಸ ತಂತಿ ಎಲ್ಲೂ ಸಿಗುತ್ತಿಲ್ಲ" ಎಂದೆ. ಅಂಗಡಿಗಳಲ್ಲಿ ಕೇಳಿ ಕೇಳಿ ಸಾಕಾಗಿತ್ತು.

"ಅಂಗಡೀಲಿ ಸಿಗಾಕಿಲ್ಲ. ಶಿವನಂಜಪ್ಪನ ಹತ್ರ ಸಿಗ್ತದೆ." ಹೆಗಲ ಮೇಲಿನ ಸುರುಳಿಯನ್ನು ನೆಲಕ್ಕೆ ಬಿಟ್ಟರು. ಕಿರುಬೆರಳಿಗಿಂತ ಸ್ವಲ್ಪ ಸಣ್ಣ. ಒಳಗೆ ಶುದ್ಧ ತಾಮ್ರ. ಅವರ ಡೈನಮೋದಿಂದ ಪ್ರೊಜೆಕ್ಟರಿಗೆ ಹೋಗುವ ತಂತಿ ಕೈಕೊಟ್ಟರೆ ಇರಲಿ ಎಂದು ಜೋಪಾನವಾಗಿಟ್ಟುಕೊಂಡಿದ್ದ ಒಂದೇ ಒಂದು ಸುರುಳಿ ಅದು.

"ನಿಮಗೇ ಬೇಕಾದರೆ?"

"ಬೇಕಾದ್ರೆ ಒಂದು ದಿವ್ಸ ಶೋ ನಿಲ್ತದೆ. ಜನ ಬೈದು ಮನೆಗೆ ಹೋಗ್ತಾರೆ. ನಿಮ್ಮ ಗಾಡಿ ಹಳ್ಳಕ್ಕೆ ಬಿದ್ರೆ ಹೆರಿಗೆಗೆ ಕಾದಿರೋ ಹೆಣ್ಮಕ್ಕಳು ಎಲ್ಲಿಗೆ ಹೋಗ್ತಾರೆ?"

ವಾದ ಮಾಡದೆ ಸುರುಳಿಯ ತುದಿ ಹಿಡಿದು ಬಿಚ್ಚತೊಡಗಿದೆ. (ಓದುಗರು ನಂಬುವುದಿಲ್ಲ, ಗೊತ್ತು.)

ಡಬ್ಬದಿಂದ ಇನ್ನೊಂದು ವಸ್ತು ಹೊರಬಂತು. ಮಿಲಿಟರಿಯವರು ಯುದ್ಧ ಮುಗಿದ ಮೇಲೆ ಮಾರಿದ ಸಾಮಾನಿನ ರಾಶಿಯಲ್ಲಿ ಅವರು ಆರಿಸಿ ತಂದದ್ದಂತೆ. ಹೆಸರು ರಿಲೇ. ನೋಡಲು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಳಗೊಂದು ಆಯಸ್ಕಾಂತ. ನಾನು ಡ್ಯಾಷ್‌ಬೋರ್ಡಿನ ಸ್ವಿಚ್ ಒತ್ತಿದರೆ ಹಳೆಯ ಸಣ್ಣ ದಾರಿಯಲ್ಲಿ ಬರೀ ಆಯಸ್ಕಾಂತವನ್ನು ಎಬ್ಬಿಸುವಷ್ಟು ಕರೆಂಟು ಹೋಗುತ್ತದೆ. ಅದು ಎದ್ದು 'ಟಕ್' ಎಂದು ದಪ್ಪ ತಂತಿಯನ್ನು ಕೂಡಿಸುತ್ತದೆ. ಆಗ ಬ್ಯಾಟರಿಯ ಪೂರ್ತಿ ಶಕ್ತಿ ಎಲ್ಲೂ ಸುತ್ತಾಡದೆ ನೇರ ದೀಪಕ್ಕೆ. ವಾಪಸು ಬರುವುದಕ್ಕೂ ತುಕ್ಕು ಬೋಲ್ಟಿನ ಹಂಗಿಲ್ಲ, ಅದಕ್ಕೊಂದು ಬೇರೆ ತಂತಿ. ನಡುವೆ ಒಂದು ಫ್ಯೂಸು, ಏನಾದರೂ ಎಡವಟ್ಟಾದರೆ ಕಾರಿಗೆ ಬೆಂಕಿ ಹತ್ತುವ ಮೊದಲು ಅದು ಸಾಯಲಿ ಎಂದು.

ಎಲ್ಲ ಸರಿ. ಬೆಸುಗೆ ಹಾಕುವವರು ಯಾರು?

ಶಿವನಂಜಪ್ಪನವರು ಬಲಗೈ ಚಾಚಿ ತೋರಿಸಿದರು. ಪ್ರೊಜೆಕ್ಟರಿನ ಇದ್ದಿಲ ಕಡ್ಡಿಗಳ ನಡುವೆ ಉರಿಯುವ ಬೆಂಕಿ ಹಿಂದೊಮ್ಮೆ ಅವರ ಬೆರಳುಗಳನ್ನು ನೆಕ್ಕಿತ್ತು. ಎರಡು ಬೆರಳು ಮಡಿಸಲು ಬರುವುದಿಲ್ಲ. "ದಪ್ಪ ಕೆಲ್ಸ ನಂದು. ಸಣ್ಣ ಕೆಲ್ಸ ನೀವು ಮಾಡ್ಬೇಕು. ಮನುಷ್ಯರನ್ನೇ ಹೊಲಿಯೋರಿಗೆ ತಂತಿ ಯಾವ ಲೆಕ್ಕ?"

ಅಮ್ಮನ ಇದ್ದಿಲ ಒಲೆಯಲ್ಲಿ ಬೆಸುಗೆಯ ಸಲಾಕೆ ಕಾಯಿತು. ಅಮ್ಮ ಮೂಗು ಮುಚ್ಚಿಕೊಂಡರು. ಶಿವನಂಜಪ್ಪನವರು ಹೇಳುತ್ತ ಹೋದರು, ನಾನು ಹಾಕುತ್ತ ಹೋದೆ. ಮೊದಲ ಬೆಸುಗೆ ನೋಡಿ, "ಥೂ, ಪಾರಿವಾಳದ ಹಿಕ್ಕೆ ಥರ ಅದೆ, ತೆಗೀರಿ" ಎಂದರು. ಎರಡನೆಯದು ನೋಡಿ ಮುಂದಿನ ತಂತಿ ಕೈಗಿತ್ತರು. ಮೂರನೆಯದು ನೋಡಿ, "ನಮ್ಮ ಟಾಕೀಸಿಗೆ ಬಂದ್ಬಿಡಿ, ಆಪರೇಟರ್ ಕೆಲ್ಸ ಕೊಡ್ತೀನಿ" ಎಂದರು. ಡಿಗ್ರಿ ಕೈಗೆ ಬಂದ ದಿನ ಕೂಡ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅಕ್ಕಿ ರೊಟ್ಟಿ, ಅವರೆಕಾಳಿನ ಸಾರು ಉಂಡು ಎದ್ದರು. ದುಡ್ಡಿನ ಮಾತೆತ್ತಿದರೆ ಕಿವಿ ಕೇಳದವರಂತೆ ಬಸ್ಸಿನ ಹೊತ್ತು ವಿಚಾರಿಸಿದರು. ಹೊರಡುವ ಮುಂಚೆ ಕಾರನ್ನು ಕಾಂಪೌಂಡಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿ, "ಈಗ ಒತ್ತಿ" ಎಂದರು.

ಟಕ್.

ಗೋಡೆಯ ಮೇಲೆ ಹುಣ್ಣಿಮೆಯ ಎರಡು ಚಂದ್ರ! ಗೋಡೆ ಹತ್ತುತ್ತಿದ್ದ ಇರುವೆಯ ಸಾಲೂ ಕಂಡಿತು.

ಇದು ಆಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ದುದ್ದದ ಕಡೆಯ ಒಂದು ಹಳ್ಳಿಯಿಂದ ಬೋರೇಗೌಡ ಎಂಬ ರೈತ ಬಸ್ಸಿಳಿದು ಓಡಿ ಬಂದ. ತಮ್ಮನ ಹೆಂಡತಿ ಸಾಕಮ್ಮನಿಗೆ ಮಧ್ಯಾಹ್ನ ಹೆರಿಗೆಯಾಗಿದೆ. ಮಗು ಚೆನ್ನಾಗಿದೆ.

"ಮಾಸು ಬಿದ್ದಿಲ್ಲ ಕಣ್ರವ್ವಾ. ರಗುತ ನಿಲ್ತಾ ಇಲ್ಲ. ಮಾತಾಡ್ಸಿದ್ರೆ ಊಂ ಅಂತಾಳೆ ಅಷ್ಟೇಯ."

ಬೋರೇಗೌಡನನ್ನು ಪಕ್ಕದಲ್ಲಿ ಕೂರಿಸಿ, ಬ್ಯಾಗನ್ನು ಅವನ ತೊಡೆಯ ಮೇಲಿಟ್ಟು ಹೊರಟೆ. ಹಳೆಯ ದೀಪವಾಗಿದ್ದರೆ ನಡೆಯುವವರ ಜತೆ ನಡೆಯಬೇಕಿತ್ತು. ಈಗ ರಸ್ತೆಯ ಎರಡೂ ಬದಿಯ ತೆಂಗಿನಮರಗಳು ಎದ್ದು ನಿಂತು ದಾರಿ ತೋರಿಸಿದವು. ಒಂದು ಕಡೆ ರಸ್ತೆಯ ಮೇಲೆ ಒಕ್ಕಣೆಗೆಂದು ಹರಡಿದ್ದ ಹುರುಳಿಸೊಪ್ಪಿನ ಮೇಲೆ ಒಂದು ಎತ್ತು ಆರಾಮವಾಗಿ ಮಲಗಿತ್ತು. ದೂರದಿಂದಲೇ ಅದರ ಕಣ್ಣು ಹೊಳೆಯಿತು. ನಿಧಾನ ಮಾಡಿ ಬಳಸಿಕೊಂಡು ಹೋದೆ. ಬೋರೇಗೌಡ ಬ್ಯಾಗನ್ನು ಮಗುವಿನಂತೆ ಅಪ್ಪಿಕೊಂಡು ಕಣ್ಣು ಮುಚ್ಚಿಕೊಂಡಿದ್ದ.

ಸಾಕಮ್ಮ ಒಳಕೋಣೆಯಲ್ಲಿ ಕಂಬಳಿಯ ಮೇಲೆ ಮಲಗಿದ್ದಳು. ಕಿಟಕಿಯಿಲ್ಲದ ಕೋಣೆ. ಒಂದು ಬುಡ್ಡಿ ದೀಪ, ಬೆಳಕಿಗಿಂತ ಹೊಗೆ ಹೆಚ್ಚು. ನಾಡಿ ಎಳೆಯಂತೆ ಸಿಗುತ್ತಿತ್ತು. ಇಂಜೆಕ್ಷನ್ ಕೊಟ್ಟೆ. ಮಗುವಿನ ಹಿಂದೆ ಬೀಳದೆ ಒಳಗೇ ಉಳಿದಿದ್ದ ಮಾಸನ್ನು ಕೈಹಾಕಿ ತೆಗೆದೆ. ಅದಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಆದರೆ ಮಾಸು ಬಂದ ಮೇಲೂ ರಕ್ತ ನಿಲ್ಲಲಿಲ್ಲ. ಗರ್ಭಕೋಶ ಗಟ್ಟಿಯಾಗಿದೆ, ರಕ್ತ ಮಾತ್ರ ಹರಿಯುತ್ತಿದೆ. ಹಾಗೆಂದರೆ ಒಳಗೆಲ್ಲೋ ಹರಿದಿದೆ. ಹೊಲಿಯಬೇಕು. ಹೊಲಿಯಲು ಕಣ್ಣು ಬೇಕು. ಕಣ್ಣಿಗೆ ಬೆಳಕು ಬೇಕು.

ಊರಲ್ಲಿ ಇನ್ನೊಂದು ಲಾಟೀನು ಕೇಳಿದೆ. ಇದೆ, ಎಣ್ಣೆಯಿಲ್ಲ. ಹಾಸನಕ್ಕೆ ಸಾಗಿಸೋಣವೆಂದರೆ ಆ ಕುಲುಕಾಟದಲ್ಲಿ ಅಷ್ಟು ಹೊತ್ತು ಅವಳು ಉಳಿಯುವ ನಂಬಿಕೆ ನನಗಿರಲಿಲ್ಲ.

ಆಗ ಹೊಳೆಯಿತು. "ಇವಳನ್ನು ನಡುಮನೆಗೆ ತನ್ನಿ. ತಲೆಬಾಗಿಲು ಪೂರ್ತಿ ತೆಗೆಯಿರಿ. ಕಾರನ್ನು ಅಂಗಳಕ್ಕೆ ತರುತ್ತೇನೆ."

ಸಾಕಮ್ಮನ ಅತ್ತೆ ಕೆಂಪಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಏನ್ ಮಾತಾಡೀಯವ್ವಾ? ಹಸೀ ಬಾಣಂತಿಗೆ ಗಾಳಿ ಸೋಕ್ಸಾದಾ? ಬೀದೀಲಿ ಗಂಡುಸ್ರು ನಿಂತವ್ರೆ. ನನ್ನ ಸೊಸೆ ಮಾನ ಏನಾಗ್ಬೇಕು?"

ಅವಳ ಮಾತಿನಲ್ಲಿ ತಪ್ಪೇನಿತ್ತು? ನಾನು ಅವಳ ಕೈಹಿಡಿದು, "ಕೆಂಪಮ್ಮ, ಬಾಗಿಲು ಮುಚ್ಚಿದರೆ ಬೆಳಗಾಗುವುದರೊಳಗೆ ಮಗು ತಬ್ಬಲಿ" ಎಂದೆ.

ಕೆಂಪಮ್ಮ ಸೊಸೆಯ ಮುಖ ನೋಡಿದಳು. ಒಂದು ಗಳಿಗೆ, ಅಷ್ಟೇ. ಆಮೇಲೆ ಅವಳ ಗಂಟಲಿಗೆ ಊರು ನಡುಗಿತು.

"ಲೇ, ಗಂಡುಸ್ರೆಲ್ಲಾ ಕೆರೆ ಏರಿ ಮ್ಯಾಕೆ ಓಗ್ರಲಾ! ತಿರುಗಿ ನೋಡ್ದೋನ ಕಣ್ಣು ಕಿತ್ತಾಕ್ಬುಡ್ತೀನಿ! ಏ ಹೆಣ್ಮಕ್ಳಾ, ಮನೇಲಿರಾ ಸೀರೆ ಎಲ್ಲಾ ತಕ್ಕಂಡ್ ಬನ್ರೇ!"

ಬಂದರು. ಎದುರು ಮನೆಯವರು, ಹಿಂದಿನ ಬೀದಿಯವರು, ಕೆಂಪಮ್ಮನ ಜತೆ ಮಾತು ಬಿಟ್ಟವರೂ ಬಂದರು. ಕಾರಿನಿಂದ ಬಾಗಿಲವರೆಗೆ ಎರಡು ಸಾಲಾಗಿ ನಿಂತು ಸೀರೆಗಳನ್ನು ತಲೆಯೆತ್ತರ ಹಿಡಿದರು. ಬೆಳಕಿಗೊಂದು ಓಣಿಯಾಯಿತು. ಹೊರಗಿನವರಿಗೆ ಏನೂ ಕಾಣದು. ಒಳಗೆ ಮಾತ್ರ ಹಗಲು.

ಒಂದು ತೊಡಕು ಉಳಿಯಿತು. ಎಂಜಿನ್ ಓಡುತ್ತಿರಬೇಕು, ಅದು ಓಡುತ್ತಿರಬೇಕಾದರೆ ಯಾರಾದರೂ ಆಕ್ಸಿಲರೇಟರ್ ಒತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ಬ್ಯಾಟರಿ ಇಳಿದುಹೋಗುತ್ತದೆ. ಆ ಕೆಲಸ ಬೋರೇಗೌಡನ ಪಾಲಿಗೆ ಬಂತು. ಅವನು ಸೀಟಿನಲ್ಲಿ ಕೂತು, ಪೆಡಲಿನ ಮೇಲೆ ಬರಿಗಾಲಿಟ್ಟು, ಟವಲನ್ನು ಮುಖಕ್ಕೆ ಸುತ್ತಿಕೊಂಡು ಹಿಂದೆ ಗಂಟು ಹಾಕಿಕೊಂಡ. "ತಮ್ಮನ ಹೆಂಡ್ತಿ, ನನ್ನ ಮಗಳಿದ್ದಂಗೆ. ನೀವು ನಿಲ್ಸು ಅನ್ನಗಂಟ ಕಾಲು ತೆಗೆಯಾಕಿಲ್ಲ ಕಣವ್ವಾ" ಎಂದ.

ತೆಗೆಯಲಿಲ್ಲ.

ಗಾಯ ಕಂಡಿತು. ನಾನು ಊಹಿಸಿದ್ದಕ್ಕಿಂತ ಮೇಲಿತ್ತು, ಬುಡ್ಡಿ ದೀಪದಲ್ಲಿ ಜನ್ಮಕ್ಕೂ ಕಾಣುತ್ತಿರಲಿಲ್ಲ. ಒಂದೊಂದೇ ಹೊಲಿಗೆ ಹಾಕುತ್ತ ಹೋದೆ. ನಡುವೆ ಒಮ್ಮೆ ನನ್ನ ಕಿವಿಯೆಲ್ಲ ಹೊರಗಿನ ಎಂಜಿನ್ನಿನ ಸದ್ದಿನ ಮೇಲಿತ್ತು. ಬೆಳಕು ಈಗ ಮಂಕಾಗುತ್ತದೆ, ಈಗ ಮಂಕಾಗುತ್ತದೆ ಎಂಬ ಭಯ. ಆ ಬೆಸುಗೆಗಳು ನನ್ನವೇ ಅಲ್ಲವೇ? ಬೆಳಕು ರೆಪ್ಪೆ ಕೂಡ ಬಡಿಯಲಿಲ್ಲ. ಕೆಂಪಮ್ಮ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇಲ್ಲೇ ಇವ್ನಿ ಕಣವ್ವ, ಇಲ್ಲೇ ಇವ್ನಿ" ಎನ್ನುತ್ತಲೇ ಇದ್ದಳು. ಕೊನೆಯ ಗಂಟು ಹಾಕಿ ಅರಿವೆ ಒತ್ತಿ ತೆಗೆದಾಗ ಅದು ಬೆಳ್ಳಗೇ ಬಂತು.

ಸೀರೆ ಹಿಡಿದ ಕೈಗಳಲ್ಲಿ ಒಂದೂ ಇಳಿದಿರಲಿಲ್ಲ.

ಸಾಕಮ್ಮ ಬದುಕಿದ್ದಾಳೆ. ಮೊನ್ನೆ ನೋಡಿ ಬಂದೆ. ಎದ್ದು ಕೂತು ಮಗುವಿಗೆ ಹಾಲೂಡುತ್ತಿದ್ದಳು. ಕೆಂಪಮ್ಮ ಮಡಕೆ ತುಂಬ ಬೆಣ್ಣೆ ಕೊಟ್ಟು, "ನಿಮ್ಮ ಕಾರಿಗೂ ಒಂದೀಟು ಅಚ್ಚಿ" ಎಂದಳು.

ಹೋದ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿ ರೋಗಿಗಳಿರಲಿಲ್ಲ, ನೆಂಟರೂ ಇಲ್ಲ. (ರೇಷನ್ನಿನ ಪೆಟ್ರೋಲ್ ಕೂಪನ್ನು ಹಾಳುಮಾಡಿದೆ ಎಂದು ಯಾರೂ ಬರೆಯಬೇಡಿ. ಹಾಳಾಗಲಿಲ್ಲ.) ಊರಾಚೆಯ ಬಯಲಿನಲ್ಲಿ ಡೇರೆ ಎದ್ದಿತ್ತು. ಶಿವನಂಜಪ್ಪನವರು ಸಂಜೆಯ ಆಟಕ್ಕೆ ನೆಲ ಗುಡಿಸುತ್ತಿದ್ದವರ ಮೇಲೆ ಕೂಗಾಡುತ್ತಿದ್ದರು. ನನ್ನ ಕಾರು ಕಂಡದ್ದೇ ಮುಖ ಬಿಳಿಚಿತು. ತಗಡಿನ ಡಬ್ಬ ಎತ್ತಿಕೊಂಡು ಪಂಚೆ ಮೇಲಕ್ಕೆ ಕಟ್ಟಿ ಓಡಿ ಬಂದರು.

"ಏನಾಯ್ತು ಅಮ್ಮಾವ್ರೇ? ಫ್ಯೂಸ್ ಹೋಯ್ತಾ? ಬೆಂಕಿಗಿಂಕಿ ಹತ್ತಿತಾ?"

"ಏನೂ ಆಗಿಲ್ಲ. ದೀಪ ಚೆನ್ನಾಗಿ ಉರಿಯುತ್ತಿದೆ ಎಂದು ಹೇಳಲು ಬಂದೆ."

ಅವರಿಗೆ ಅರ್ಥವಾಗಲಿಲ್ಲ. ಬಾನೆಟ್ ಎತ್ತಿ ರಿಲೇ ಅಲ್ಲಾಡಿಸಿ ನೋಡಿದರು. ಬೆಸುಗೆಗಳನ್ನು ಉಗುರಿನಲ್ಲಿ ಕೆರೆದರು. ಸ್ವಿಚ್ ಒತ್ತಿಸಿದರು. ಎಲ್ಲ ಸರಿಯಿತ್ತು.

"ಅಷ್ಟು ಹೇಳೋಕೆ ಇಷ್ಟು ದೂರ ಬಂದ್ರಾ?"

ದುದ್ದದ ಸಂಗತಿ ಹೇಳಿದೆ. ಸೀರೆಯ ಓಣಿ, ಟವಲು ಕಟ್ಟಿದ ಬೋರೇಗೌಡ, ಬೆಳ್ಳಗೆ ಬಂದ ಅರಿವೆ. ಆ ವಾಚಾಳಿ ಮನುಷ್ಯ ಮಡಿಸಲಾಗದ ಆ ಎರಡು ಬೆರಳುಗಳಿಂದ ಮಡ್‌ಗಾರ್ಡನ್ನು ಸವರುತ್ತ ನಿಂತಿದ್ದರು. ಕೊನೆಗೆ ಹೇಳಿದರು.

"ಇಷ್ಟು ವರ್ಷದಿಂದ ಬೆಳಕು ಬಿಡ್ತಾ ಇವ್ನಿ ಡಾಕ್ಟ್ರಮ್ಮಾ. ಪರದೆ ಒಂದು ಗಳಿಗೆ ಕಪ್ಪಾದ್ರೆ ಸಿಳ್ಳೆ, ಬೈಗುಳ, ಚಪ್ಪಲಿ. ಪಿಕ್ಚರು ಸರಿಯಾಗಿ ಮುಗಿದ್ರೆ ಕೊಡವಿಕೊಂಡು ಎದ್ದು ಹೋಗ್ತಾರೆ. ಬೆಳಕು ಚೆನ್ನಾಗಿತ್ತು ಕಣಯ್ಯಾ ಅಂತ ಹೇಳೋಕೆ ಬಂದೋರು ನೀವೇ ಮೊದಲು."

ಹೇಳಿ, ಮುಖ ಆ ಕಡೆ ತಿರುಗಿಸಿ, ಗುಡಿಸುವವರ ಮೇಲೆ ಇನ್ನಷ್ಟು ಜೋರಾಗಿ ಕೂಗಾಡಿದರು.

ವಾಪಸು ಬರುವಾಗ ಅದನ್ನೇ ಯೋಚಿಸಿದೆ. ನಾವು ಕೈಕೆಲಸದವರ ಬಾಗಿಲಿಗೆ ಎರಡನೆಯ ಸಲ ಹೋಗುವುದು ಯಾವಾಗ? ಮಾಡಿದ್ದು ಕೆಟ್ಟಾಗ. ಸೋರಿದರೆ ಹಂಚು ಹಾಕಿದವನ ಮನೆಗೆ, ನಿಂತರೆ ಗಡಿಯಾರದವನ ಅಂಗಡಿಗೆ, ಜ್ವರ ಮರುಕಳಿಸಿದರೆ ನನ್ನ ಡಿಸ್ಪೆನ್ಸರಿಗೆ. ಗುಣವಾದವರು ಎಲ್ಲಿಗೆ ಹೋಗುತ್ತಾರೋ ನನಗೆ ಇಂದಿಗೂ ಗೊತ್ತಿಲ್ಲ. ಕೆಲಸ ಸರಿಹೋದ ಮೇಲೆ ನಾನಾದರೂ ಯಾರ ಬಾಗಿಲಿಗೆ ಹೋಗಿದ್ದೆ? ಭಾನುವಾರ ಹೋಗಿ ಬಂದ ಮೇಲೆ ಆ ರುಚಿ ಗೊತ್ತಾಗಿದೆ. ಮುಂದಿನ ರಜೆಗೆ ಹೊಳೆನರಸೀಪುರದಲ್ಲಿ ನನ್ನ ಕನ್ನಡಕ ಮಾಡಿಕೊಟ್ಟವರ ಸರದಿ.

ನಿಮ್ಮ ಮನೆಯಲ್ಲಿ ವರ್ಷಗಳಿಂದ ಸದ್ದಿಲ್ಲದೆ ಸರಿಯಾಗಿ ನಡೆಯುತ್ತಿರುವುದು ಏನೋ ಒಂದು ಇದ್ದೇ ಇದೆಯಲ್ಲ, ಅದನ್ನು ಮಾಡಿಕೊಟ್ಟವರಿಗೆ ಆ ಸುದ್ದಿ ತಿಳಿದಿದೆಯೇ?